ಎದ್ದ ಕೂಡಲೇ, ಎರಡು

ಕಳೆದ ಭಾನುವಾರ ಕುಣಿಗಲ್‌ನಲ್ಲಿ ಮಗಳ ಮನೆಯ ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಬೆಣ್ಣೆ, ಜೀರಿಗೆ, ಕರಿಬೇವು ಸೇರಿ ಬಿಸಿಗೆ ಕೆಂಪಾಗುವ ವಾಸನೆ ಬಂತು. ಕೈಗಡಿಯಾರ ನೋಡಿಕೊಂಡೆ. ಹನ್ನೊಂದೂಕಾಲು. ವಾಸನೆಯ ಪ್ರಕಾರ ಬಿಸ್ಕತ್ತಿನ ತಟ್ಟೆ ಓವನ್ನಿನಿಂದ ಹೊರಗೆ ಬರಲು ಇನ್ನೂ ಮೂರು ನಿಮಿಷ ಇತ್ತು. ಗೇಟಿನ ಹೊರಗೇ ನಿಂತೆ. ಒಳಗೆ ಹೋದರೆ ಅವಳ ಕೆಲಸದ ಮಧ್ಯೆ ಬಾಯಿ ಹಾಕದೆ ಇರಲಾರೆ ಎಂಬುದು ನನಗೆ ಗೊತ್ತು. ನಿಂತಷ್ಟು ಹೊತ್ತೂ ನಾನು ನಿವೃತ್ತಳಾದ ಆ ವರ್ಷವೇ ನೆನಪಾಗುತ್ತಿತ್ತು.

ನಾನು ತುಮಕೂರಿನಲ್ಲಿ ಮೂವತ್ತಾರು ವರ್ಷ ಸರ್ಕಾರಿ ನರ್ಸ್ ಆಗಿದ್ದವಳು. ಕೊನೆಯ ಹನ್ನೆರಡು ವರ್ಷ ಹೆರಿಗೆ ವಾರ್ಡಿನ ಜವಾಬ್ದಾರಿ ನನ್ನದೇ. ಮೇ ತಿಂಗಳ ಕೊನೆಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಮಾರನೆಯ ಬೆಳಿಗ್ಗೆ ಎಂದಿನಂತೆ ನಾಲ್ಕೂಮುಕ್ಕಾಲಿಗೆ ಎಚ್ಚರವಾಯಿತು. ಆರಕ್ಕೆ ಸ್ನಾನ, ಆರೂವರೆಗೆ ಇಸ್ತ್ರಿ ಮಾಡಿದ ಸೀರೆ. ಏಳೂವರೆಗೆ ನಮ್ಮ ಯಜಮಾನರು ಡಬ್ಬಿ ತೆಗೆದುಕೊಂಡು ಸ್ಕೂಟರ್ ಹತ್ತಿ ಹಿರೇಹಳ್ಳಿಗೆ ಹೊರಟರು. ಅಲ್ಲಿ ಒಂದು ವರ್ಕ್‌ಶಾಪಿನಲ್ಲಿ ಅವರು ಸೂಪರ್‌ವೈಸರ್. ಎಂಟು ಗಂಟೆಗೆ ನಾನು ಇಸ್ತ್ರಿ ಸೀರೆ ಉಟ್ಟು, ತಲೆ ಬಾಚಿ, ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ.

ಮೂರನೆಯ ದಿನವೇ ಒಬ್ಬ ಡಾಕ್ಟರ್ ಫೋನ್ ಮಾಡಿದರು. ಶಿರಾ ಗೇಟ್ ಬಳಿ ಹೊಸದಾಗಿ ನರ್ಸಿಂಗ್ ಹೋಂ ತೆರೆದಿದ್ದರು.

"ಸಿಸ್ಟರ್, ಮನೇಲಿ ಕೂತ್ಕೊಂಡು ಏನ್ಮಾಡ್ತೀರಿ? ನಮ್ಮಲ್ಲಿಗೆ ಮೇಟ್ರನ್ ಆಗಿ ಬಂದ್ಬಿಡಿ. ನೀವು ಹೇಳ್ದಂಗೆ ನಡೀತದೆ."

ಹತ್ತು ದಿನ ಸಮಯ ಕೇಳಿದೆ. ಕೇಳಿದವರೆಲ್ಲ ಒಪ್ಪಿಕೋ ಎಂದರು. ಒಪ್ಪಿಕೊಳ್ಳುವುದೆಂದು ನಾನೂ ಅಂದುಕೊಂಡೇ ಗುಬ್ಬಿಗೆ, ಅಕ್ಕನ ಮನೆಗೆ ಹೋದೆ.

ಅಕ್ಕನ ಹೆಸರು ಸರೋಜ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಮದುವೆಯಾಗಿ ಗುಬ್ಬಿಯ ಮನೆ ಸೇರಿದವಳು ಒಂದು ದಿನವೂ ಹೊರಗೆ ದುಡಿದಿಲ್ಲ. ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಇಷ್ಟು ವರ್ಷ ಒಳಗೊಳಗೇ ನಾನು ಅವಳನ್ನು 'ಪಾಪ' ಎನ್ನುತ್ತಿದ್ದೆ. ನನ್ನ ವಾರ್ಡಿನ ಹುಡುಗಿಯರಿಗೆ ಬುದ್ಧಿ ಹೇಳುವಾಗ, ಹೆಸರು ಹೇಳದೆ, ಅಕ್ಕನನ್ನೇ ಉದಾಹರಣೆ ಕೊಡುತ್ತಿದ್ದೆ.

ಅವತ್ತು ಅವಳು ಕಾಫಿಯ ಜೊತೆ ಒಂದು ತುಂಡು ಕೇಕ್ ಇಟ್ಟಳು. ಮೊಟ್ಟೆಯಿಲ್ಲದ, ಮೊಸರು ಹಾಕಿದ, ಕಿತ್ತಳೆ ಸಿಪ್ಪೆ ತುರಿದ ಕೇಕ್. ಬಾಯಿಗೆ ಇಟ್ಟೆ. ಗಡಿಯಾರ ನೋಡಿಕೊಳ್ಳದೆ ನಾನು ಏನನ್ನಾದರೂ ತಿಂದದ್ದು ಅಂದೇ ಮೊದಲಿರಬೇಕು.

"ಇದನ್ನ ಹೆಂಗೆ ಮಾಡ್ತೀಯ ಅಕ್ಕ?"

"ಮೂವತ್ತು ವರ್ಷದಿಂದ ತಿಂತಿದೀಯ. ಇವತ್ತು ಕೇಳ್ತಿದೀಯಲ್ಲೇ ನಾಗು!"

ಅಟ್ಟದಿಂದ ಅವಳು ಒಂದು ದುಂಡನೆಯ ಅಲ್ಯುಮಿನಿಯಂ ಓವನ್ ಇಳಿಸಿದಳು. ಮುಚ್ಚಳದಲ್ಲಿ ಗಾಜಿನ ಕಿಂಡಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ವೈರು. ಗುಬ್ಬಿಯ ಮಹಿಳಾ ಸಮಾಜದವರು ಕೇಕ್ ಕ್ಲಾಸ್ ನಡೆಸಿದ ಕಾಲದಲ್ಲಿ ಕೊಂಡದ್ದು. ಮಗ ಹೊಸದು ತಂದುಕೊಟ್ಟ ಮೇಲೆ ಇದು ಅಟ್ಟ ಸೇರಿತ್ತು.

"ತಗೊಂಡ್ ಹೋಗು. ಹತ್ತು ದಿನ ಮಾಡಿ ನೋಡು. ಆಮೇಲೆ ಆ ಡಾಕ್ಟ್ರಿಗೆ ಏನ್ ಬೇಕಾದ್ರೂ ಹೇಳ್ಕೋ."

ಬಾಗಿಲ ತನಕ ಬಂದವಳು ನಗುತ್ತಲೇ ಕೇಳಿದಳು: "ಅಲ್ವೇ, ನಿಂಗೆ ಹಾರ ಹಾಕಿ ಸಾಕು ಮನೆಗೆ ಹೋಗಿ ಅಂದ್ರು. ನಲವತ್ತೆಂಟು ವರ್ಷ ಆಯ್ತು ನಾನು ಡ್ಯೂಟಿಗೆ ಸೇರಿ. ನಂಗೆ ಯಾವಾಗ ಹಾಕ್ತಾರೆ?"

ಓವನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದೆ. ವಾರ್ಡಿನಲ್ಲಿ ಯಾರೂ ನನ್ನನ್ನು ಹಾಗೆ ಬಾಯಿ ಮುಚ್ಚಿಸಿದ್ದಿಲ್ಲ.

ಬಸ್ಸಿನಲ್ಲಿ ಓವನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮ ಇದು, ಹಾರೋ ತಟ್ಟೇನಾ? ನಿಮಗೆ ಫ್ರೀ ಕಣಮ್ಮ, ಇದು ಗಂಡಸಾದ್ರೆ ಟಿಕೆಟ್ ತಗೋಬೇಕು!" ಎಂದ. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಆದರೆ ಇಳಿಯುವಾಗ ಅದನ್ನು ಅವನ ಕೈಗೆ ಕೊಟ್ಟು, ನಾನು ಇಳಿದ ಮೇಲೆ ವಾಪಸ್ ಇಸಿದುಕೊಂಡೆ.

ಮಾರನೆಯ ದಿನ ಅಡುಗೆಮನೆಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ತಾರೀಖು, ಹಿಟ್ಟಿನ ತೂಕ, ಇಟ್ಟ ಸಮಯ, ತೆಗೆದ ಸಮಯ, ಷರಾ. ಅಕ್ಕ ಹೇಳಿದ್ದು ಮೂವತ್ತೈದು ನಿಮಿಷ. ನಾನು ಮೂವತ್ತೈದನೆಯ ನಿಮಿಷಕ್ಕೆ ಸರಿಯಾಗಿ ಮುಚ್ಚಳ ತೆಗೆದೆ. ಅಂಚು ಬೆಂದಿತ್ತು, ನಡು ಕೆರೆಯ ಹಾಗೆ ತುಳುಕುತ್ತಿತ್ತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನವೂ. ಷರಾ ಕಾಲಂನಲ್ಲಿ 'ಕುಸಿತ' ಎಂದು ಮೂರು ಸಲ ಬರೆದೆ. ನಮ್ಮ ಯಜಮಾನರು ಎಲ್ಲವನ್ನೂ ತಿಂದು, ನಾಲ್ಕನೆಯ ದಿನ ಮೆಲ್ಲಗೆ, "ಇದು ಹಲ್ವಾ ಅಂತ ಹೇಳಿದ್ರೆ ಬಹಳ ಚೆನ್ನಾಗಿದೆ" ಎಂದರು.

ಅಕ್ಕನಿಗೆ ಫೋನ್ ಮಾಡಿದೆ.

"ಸಂಜೆ ಹೊತ್ತು ಕರೆಂಟು ಸೊರಗ್ತದೆ ಕಣೇ, ಮೂವತ್ತೈದು ನಿಮಿಷ ಅಂದ್ರೆ ಮೂವತ್ತೈದೇನಾ? ಗಡಿಯಾರ ಬಿಚ್ಚಿಡು. ಮೂಗು ಇಲ್ವಾ ನಿಂಗೆ?"

"ಎಂಥ ವಾಸನೆ ಬರ್ಬೇಕು? ಅದನ್ನಾದ್ರೂ ಹೇಳು."

"ವಾಸನೆ ಫೋನಲ್ಲಿ ಬರಲ್ಲ ಕಣೇ ತಾಯಿ. ನಿಂತ್ಕೊಂಡು ನೋಡು."

ನಿಂತುಕೊಂಡೆ. ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಕಾಯಿಸಿದ ಹಾಲಿನದು, ಆಮೇಲೆ ಬೆಣ್ಣೆಯದು. ಕೊನೆಗೆ, ಇದ್ದಕ್ಕಿದ್ದಂತೆ, ಎಲ್ಲವೂ ಒಂದಾಗಿ ಬೇರೆಯೇ ಒಂದು ವಾಸನೆ. ನಲವತ್ತಾರನೆಯ ನಿಮಿಷ. ತೆಗೆದೆ. ಕೇಕ್ ನೆಟ್ಟಗೆ ನಿಂತಿತ್ತು. ಆಗ ನನಗೆ ನಾಚಿಕೆಯಾಯಿತು. ಗಾಯದ ಪಟ್ಟಿ ಬಿಚ್ಚುವ ಮುಂಚೆಯೇ ಒಳಗೆ ಕೀವಾಗಿದೆಯೋ ಇಲ್ಲವೋ ಮೂಗಿನಿಂದ ಹೇಳುತ್ತಿದ್ದವಳು ನಾನು. ಮೂವತ್ತಾರು ವರ್ಷ ದುಡಿಸಿಕೊಂಡ ಆ ಮೂಗನ್ನು ಮನೆಯೊಳಗೆ ತಂದೇ ಇರಲಿಲ್ಲ.

ಇನ್ನೊಂದು ವಿಷಯವೂ ಆ ದಿನ ಹೊಳೆಯಿತು. ಆಸ್ಪತ್ರೆಯಲ್ಲಿ ಕೆಲಸ ಮುಗಿಯುವುದಿಲ್ಲ. ಒಬ್ಬರು ಎದ್ದು ಹೋದ ಹಾಸಿಗೆಗೆ ಅರ್ಧ ಗಂಟೆಯಲ್ಲಿ ಇನ್ನೊಬ್ಬರು ಬರುತ್ತಾರೆ. ಎತ್ತಿ ಕೊಟ್ಟ ಮಗು ಯಾರದ್ದೋ ಮನೆಗೆ ಹೋಗುತ್ತದೆ. ಅದು ದೊಡ್ಡ ಕೆಲಸ, ನಾನು ಚೆನ್ನಾಗಿಯೇ ಮಾಡಿದೆ. ಆದರೆ ನನ್ನ ಕೈಯಿಂದ ಆದದ್ದು ಒಂದಾದರೂ ನನ್ನ ಮನೆಯ ಮೇಜಿನ ಮೇಲೆ ಕೂತದ್ದಿಲ್ಲ. ಈಗ ಕೂತಿತ್ತು. ಬಿಸಿಯಾಗಿ, ದುಂಡಗೆ, ಪೂರ್ತಿಯಾಗಿ ಮುಗಿದು. ಯಜಮಾನರು ಬರುವ ತನಕ ಅದರ ಎದುರಿಗೇ ಕೂತಿದ್ದೆ.

ಹತ್ತನೆಯ ದಿನ ಡಾಕ್ಟರಿಗೆ ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ಮನೆಯ ಕೆಲಸ ಕಲಿಯುತ್ತಿದ್ದೇನೆ ಎಂದೆ.

"ಏನ್ ಸಿಸ್ಟರ್, ಅಡುಗೆ ಮಾಡೋಕೆ ನಿಮ್ಮಂಥೋರು ಬೇಕಾ?"

"ಯಾಕೆ ಡಾಕ್ಟ್ರೇ, ನಿಮ್ಮ ಮನೇಲಿ ಅಡುಗೆ ಮಾಡೋರು ಎಂಥೋರು?"

ನಾನೇ ನಮಸ್ಕಾರ ಹೇಳಿ ಫೋನ್ ಇಟ್ಟೆ.

ಇಲ್ಲಿಯವರೆಗಿನದು ಸುಲಭ. ಕಷ್ಟದ್ದು ಆಷಾಢದಲ್ಲಿ ಶುರುವಾಯಿತು.

ಮಗಳು ಸೌಮ್ಯ ಕುಣಿಗಲ್‌ನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಗಂಡನ ಮನೆಯೂ ಅಲ್ಲಿಯೇ, ಕೆರೆಯ ಕಡೆಗೆ. ಬಾಗಿಲು ಕಿಟಕಿಗಳನ್ನು ಗಾಳಿ ಬಡಿಯುತ್ತಿದ್ದ ಒಂದು ಬೆಳಿಗ್ಗೆ ಅವಳ ಅತ್ತೆ ಜಯಮ್ಮ ಫೋನ್ ಮಾಡಿ, ಸೌಮ್ಯ ಬಸುರಿ, ಏನು ತಿಂದರೂ ನಿಲ್ಲುತ್ತಿಲ್ಲ, ಹಾಸಿಗೆಯಿಂದ ಎದ್ದರೆ ವಾಂತಿ ಎಂದರು. ಸುದ್ದಿ ನನಗೆ ಬೀಗಿತ್ತಿಯಿಂದ ತಿಳಿಯಿತು, ಮಗಳಿಂದಲ್ಲ. ಸಾವಿರಾರು ಬಸುರಿಯರನ್ನು ನೋಡಿಕೊಂಡವಳಿಗೆ ಸ್ವಂತ ಮಗಳು ಹೇಳಿರಲಿಲ್ಲ.

ಅದಕ್ಕೆ ಕಾರಣ ಇತ್ತು. ಸೌಮ್ಯ ಬೆಳೆದದ್ದು ನನ್ನ ಚೀಟಿಗಳ ಜೊತೆ. ಡ್ಯೂಟಿಗೆ ಹೋಗುವ ಮುಂಚೆ ಪ್ರತಿ ಡಬ್ಬಿಗೂ ಒಂದೊಂದು ಅಂಟಿಸುತ್ತಿದ್ದೆ: 'ಸೌಮ್ಯ. ನಾಲ್ಕು ಗಂಟೆಗೆ. ಒಂದು ಲೋಟ ಹಾಲಿನ ಜೊತೆ.' ಅವಳ ಹತ್ತನೆಯ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡುತ್ತೇನೆ ಎಂದಿದ್ದೆ. ಮೈದಾ ಜರಡಿ ಹಿಡಿದಿಟ್ಟಿದ್ದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಜನ ಬಂದರು, ಡ್ಯೂಟಿಯವರು ಬಂದಿಲ್ಲ, ಎರಡು ಹೆರಿಗೆ ಒಟ್ಟಿಗೇ ಬಂದಿವೆ ಎಂದರು. ಹೋದೆ. ಮೈದಾದ ಪಾತ್ರೆಯ ಮೇಲೂ ಚೀಟಿ ಅಂಟಿಸಿ ಹೋದೆ: 'ನಾಳೆ.' ಆ ನಾಳೆ ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಯಾರಿಗೋ ಅವಳು ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು: "ನಂಗೆ ನಮ್ಮಮ್ಮನ ಮುಖಕ್ಕಿಂತ ಅವಳ ಅಕ್ಷರ ಚೆನ್ನಾಗಿ ಗೊತ್ತು."

ಜಯಮ್ಮನ ಫೋನ್ ಇಟ್ಟವಳೇ ಒಂದು ಬಿಸ್ಕತ್ತು ಯೋಚಿಸಿದೆ. ಬೇಕರಿಯ ಖಾರಾ ಬಿಸ್ಕತ್ತಿನ ಜಾತಿಯದ್ದು, ಆದರೆ ಮೆಣಸಿನಕಾಯಿ ಇಲ್ಲ. ಜೀರಿಗೆ, ಕರಿಬೇವು, ಉಪ್ಪು, ಕಡಿಮೆ ಬೆಣ್ಣೆ. ಒಣಗಿದ, ಹಗುರಾದ, ಹೊಟ್ಟೆಗೆ ಜಗಳ ಹಚ್ಚದ ಬಿಸ್ಕತ್ತು. ಬೆಳಿಗ್ಗೆ ತಲೆ ಎತ್ತುವ ಮುಂಚೆ ಇಂಥದ್ದು ಎರಡು ಒಳಗೆ ಹೋದರೆ ಎಷ್ಟೋ ಬಸುರಿಯರಿಗೆ ವಾಂತಿ ತಗ್ಗುವುದನ್ನು ನಾನು ಕಂಡಿದ್ದೆ.

ಕತ್ತರಿಸಲು ಅಚ್ಚು ಬೇಕಿತ್ತು. ಯಜಮಾನರು, "ಡ್ರಾಯಿಂಗ್ ಕೊಡು" ಎಂದರು. ಮಿಲಿಮೀಟರಿನಲ್ಲಿ ಅಳತೆ ಹಾಕಿ ಕೊಟ್ಟೆ. ಹಿರೇಹಳ್ಳಿಯಿಂದ ಸಂಜೆ ಅವರು ಸ್ಟೀಲ್ ಪಟ್ಟಿ ಬಗ್ಗಿಸಿ ಮಾಡಿದ ದುಂಡನೆಯ ಅಚ್ಚು ತಂದರು. ಅಂಚನ್ನು ಕೈಗೆ ತಾಗದಂತೆ ಉಜ್ಜಿದ್ದರು. "ಏನ್ ಸಾರ್, ಬೇಕರಿ ಇಡ್ತೀರಾ ಅಂತ ಎಲ್ಲಾ ನಗ್ತಿದ್ರು" ಎಂದರು.

"ನೀವೇನಂದ್ರಿ?"

"ನಮ್ಮ ಮನೆಯವರಿಗೆ ಪ್ರೊಮೋಷನ್ ಆಗಿದೆ ಅಂದೆ."

ಮೊದಲ ಡಬ್ಬಿಗೆ ಚೀಟಿ ಬರೆದೆ. 'ಸೌಮ್ಯ. ಎದ್ದ ಕೂಡಲೇ, ಹಾಸಿಗೆಯಲ್ಲೇ. ಎರಡು.' ಕೆಳಗೆ ತಾರೀಖು. ಬರೆದ ಮೇಲೆ ಕೈ ತಡೆಯಿತು. ಮತ್ತೆ ಚೀಟಿಯೇ? ಕಿತ್ತು ಹಾಕಲೇ ಎಂದುಕೊಂಡೆ. ಕೀಳಲಿಲ್ಲ. ನನಗೆ ಬರುವುದು ಹೀಗೆ ಬರೆಯುವುದೇ.

ಆಮೇಲೆ, ಅವಳ ವಾಂತಿ ನಿಲ್ಲುವ ತನಕ, ಪ್ರತಿ ಭಾನುವಾರ ಯಜಮಾನರು ಕುಣಿಗಲ್‌ಗೆ ಒಂದು ಡಬ್ಬಿ ಕೊಟ್ಟು ಬರುತ್ತಿದ್ದರು. ನಮ್ಮ ಕಡೆ ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನಿಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಸೌಮ್ಯ ಖಾಲಿಯನ್ನೂ ಕೊಡಲಿಲ್ಲ, ತುಂಬಿಯೂ ಕೊಡಲಿಲ್ಲ. ಒಂದು ಫೋನೂ ಇಲ್ಲ. ಹನ್ನೊಂದು ಡಬ್ಬಿ ಹೋದವು, ಒಂದೂ ಬರಲಿಲ್ಲ. "ತಿಂತಾಳಂತಾ?" ಎಂದು ಪ್ರತಿ ವಾರ ಕೇಳುತ್ತಿದ್ದೆ. "ಕೊಟ್ರೆ ಒಳಗಿಟ್ಕೋತಾಳೆ, ಕೇಳಿದ್ರೆ ಹ್ಞೂಂ ಅಂತಾಳೆ" ಎನ್ನುತ್ತಿದ್ದರು. ಹನ್ನೊಂದು ಡಬ್ಬಿಗಳೂ ಕಸದ ಬುಟ್ಟಿಗೆ ಹೋಗಿರಬಹುದು ಎಂಬ ಯೋಚನೆ ಬಂದಾಗೆಲ್ಲ ಎದ್ದು ಹಿಟ್ಟು ಕಲೆಸುತ್ತಿದ್ದೆ.

ಏಳನೆಯ ತಿಂಗಳಿಗೆ ಸೀಮಂತ ಗೊತ್ತಾಯಿತು. ಕಾರ್ತೀಕ ಮುಗಿಯುವ ಹೊತ್ತು, ಬೆಳಿಗ್ಗೆ ಮಂಜು ಬೀಳುತ್ತಿತ್ತು. ಸೀಮಂತಕ್ಕೆ ತವರಿನಿಂದ ತಿಂಡಿಯ ತಟ್ಟೆಗಳು ಹೋಗಬೇಕು. ಬಂದ ಹೆಂಗಸರೆಲ್ಲ ಮೊದಲು ನೋಡುವುದೇ ಅವನ್ನು. ಆಗ ಸೌಮ್ಯಳ ಫೋನ್ ಬಂತು. ಐದು ತಿಂಗಳಲ್ಲಿ ಅವಳಾಗಿ ಮಾಡಿದ ಮೊದಲ ಫೋನ್.

"ಅಮ್ಮ, ತಟ್ಟೆಗೆ ನೀನೇನೂ ಮಾಡೋಕೆ ಹೋಗ್ಬೇಡ. ಅಂಗಡೀಲಿ ಆರ್ಡರ್ ಕೊಡು. ಪ್ಯಾಕ್ ಮಾಡಿ ಚೆನ್ನಾಗಿ ಕೊಡ್ತಾರೆ."

"ನಾನೇ ಮಾಡ್ತೀನಿ. ಒಂಬತ್ತು ಬಗೆ. ಐದು ನಂದು, ನಾಲ್ಕು ಕರಿದದ್ದು ದೊಡ್ಡಮ್ಮಂದು."

"ಬಿಸ್ಕತ್ತು ಕೇಕು ಯಾರಾದ್ರೂ ಸೀಮಂತಕ್ಕೆ ತರ್ತಾರಾ? ಇಲ್ಲಿ ಎಲ್ರೂ ಮಾತಾಡ್ಕೋತಾರೆ. ಯಾಕಮ್ಮ ನಿಂಗೆ ಈ ಹಟ? ಆವಾಗ ಮಾಡ್ಲಿಲ್ಲ ಅಂತ ಈವಾಗ ಪ್ರಾಯಶ್ಚಿತ್ತನಾ?"

ಇದನ್ನೇ ಎಲ್ಲರೂ ಅಂದುಕೊಂಡಿದ್ದರು. ಹಳೆಯ ಸಹೋದ್ಯೋಗಿಗಳಿಗೆ ನಾನು ಕಲಿತದ್ದನ್ನು ಹಾಳು ಮಾಡಿಕೊಳ್ಳುತ್ತಿರುವವಳು. ನೆಂಟರಿಗೆ ತಪ್ಪು ತಿದ್ದಿಕೊಳ್ಳುತ್ತಿರುವವಳು. ಇಷ್ಟಪಟ್ಟು ನಿಂತಿದ್ದಾಳೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ನೋಡು ಸೌಮ್ಯ," ಎಂದೆ. "ನಿನ್ನ ಹುಟ್ಟುಹಬ್ಬದ ದಿನ ನಾನು ಹೋಗಿದ್ದಕ್ಕೆ ಎರಡು ಮಕ್ಕಳು ಉಳ್ಕೊಂಡ್ವು. ಅದಕ್ಕೆ ನಾನು ಕ್ಷಮೆ ಕೇಳಲ್ಲ. ನಿಂಗೆ ಬೇಜಾರಾಗಿದ್ದು ನಿಜ, ಅದನ್ನ ಇಲ್ಲ ಅನ್ನೋದೂ ಇಲ್ಲ. ಈವಾಗ ಒಲೆ ಮುಂದೆ ನಿಂತಿರೋದು ನನ್ನ ಖುಷಿಗೆ. ಇದಕ್ಕೂ ಯಾರ ಕ್ಷಮೇನೂ ಕೇಳಲ್ಲ. ತಟ್ಟೆ ನಾನೇ ತರ್ತೀನಿ."

ಅವಳು ಫೋನ್ ಇಟ್ಟಳು.

ಅಕ್ಕ ಒಂದು ವಾರ ಮುಂಚೆ ಗುಬ್ಬಿಯಿಂದ ಬಂದಳು. ಎಂಟು ದಿನ ನಮ್ಮಿಬ್ಬರ ಡ್ಯೂಟಿ ಐದು ಗಂಟೆಗೆ ಶುರು. ಅವಳು ಕಜ್ಜಾಯ ತಟ್ಟುವಳು, ನಾನು ಓವನ್ನಿನ ಕಿಂಡಿಯಲ್ಲಿ ಇಣುಕುವೆ. ಕೊಬ್ಬರಿ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ರಾಗಿ ಕೇಕ್, ಕಿತ್ತಳೆ ಕೇಕ್, ಮತ್ತೆ ಆ ಜೀರಿಗೆ ಬಿಸ್ಕತ್ತು. ಆ ಎಂಟು ದಿನ ನಾನು ಅಕ್ಕ ಹೇಳಿದಂತೆ ಕೇಳಿದೆ. "ಸಿಸ್ಟರ್, ಬೆಲ್ಲ ಕುಟ್ಟಿ" ಎನ್ನುತ್ತಿದ್ದಳು. ಕುಟ್ಟುತ್ತಿದ್ದೆ.

ಸೀಮಂತದ ದಿನ ಒಂಬತ್ತು ಡಬ್ಬಿ ಹೊತ್ತು ಕುಣಿಗಲ್ ತಲುಪಿದೆವು. ಮನೆಯ ಮುಂದೆ ಶಾಮಿಯಾನ. ಒಳಗೆ ಹಸೆಯ ಮುಂದೆ ಆಗಲೇ ಒಂಬತ್ತು ತಟ್ಟೆ ಜೋಡಿಸಿತ್ತು. ಚಿನ್ನದ ಬಣ್ಣದ ಕಾಗದ, ರಿಬ್ಬನ್, ಅಂಗಡಿಯ ಮಿಠಾಯಿ. ಯಾರು ತಂದದ್ದು ಎಂದು ಒಬ್ಬ ಹೆಂಗಸನ್ನು ಕೇಳಿದೆ. "ಹುಡುಗಿ ತವರಿನೋರಂತೆ" ಎಂದಳು.

ತವರಿನವಳು ನಾನು. ಕೈಯಲ್ಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ನಂಬದೆ ಮಗಳೇ ನನ್ನ ಹೆಸರಿನಲ್ಲಿ ತರಿಸಿ ಇಟ್ಟಿದ್ದಳು.

ಜಯಮ್ಮನ ನಾದಿನಿಯೊಬ್ಬಳು ಅಕ್ಕನ ಕೈಯ ಡಬ್ಬಿಯ ಮುಚ್ಚಳ ಎತ್ತಿ ನೋಡಿ, ಎಲ್ಲರಿಗೂ ಕೇಳುವಂತೆ, "ಅಯ್ಯೋ, ಬೇಕರಿ ಐಟಂ ತಂದವ್ರೆ! ಮೂವತ್ತು ವರ್ಷ ಸರ್ಕಾರಿ ಕೆಲ್ಸ ಮಾಡಿ ಕೊನೇಗ್ ಬಂದಿದ್ದು ಒಲೆ ಮುಂದಕ್ಕೇಯಾ?" ಎಂದಳು.

"ಮೂವತ್ತಾರು" ಎಂದೆ. "ಮೂವತ್ತಾರು ವರ್ಷ ಹೋಗ್ಬೇಕಾಗಿತ್ತು, ಹೋದೆ. ಒಲೆ ಮುಂದಕ್ಕೆ ಯಾರೂ ಕಳಿಸ್ಲಿಲ್ಲ ನನ್ನ, ನಾನೇ ಬಂದೆ. ನೀವು ಮೊದ್ಲು ಒಂದು ತಿನ್ನಿ, ಆಮೇಲೆ ಮಾತಾಡೋಣ."

ಅಷ್ಟರಲ್ಲಿ ಜಯಮ್ಮ ನನ್ನ ತೋಳು ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. "ಅವಳ ಮಾತು ಬುಡಿ ಬೀಗ್ರೇ. ಡಬ್ಬಿಗಳನ್ನ ಇಲ್ಲಿಡನ" ಎಂದು ಬೀರು ತೆಗೆದರು. ತೆಗೆದವರು ಅಲ್ಲೇ ನಿಂತರು. "ಜಾಗ ಎಲ್ಲೈತೆ, ನೋಡಿ. ನಿಮ್ದೇ ತುಂಬೈತೆ."

ಮಧ್ಯದ ಅರೆಯಲ್ಲಿ ನನ್ನ ಡಬ್ಬಿಗಳು. ಎಣಿಸಿದೆ. ಹನ್ನೊಂದು. ಎಲ್ಲವೂ ತೊಳೆದು ಒರೆಸಿದವು. ಒಂದರ ಚೀಟಿಯೂ ಹರಿದಿರಲಿಲ್ಲ. ನೀರು ತಾಗದಂತೆ ಚೀಟಿ ಬಿಟ್ಟು ತೊಳೆದಿದ್ದರು.

"ಮೂರು ತಿಂಗ್ಳು ಇದನ್ ಬಿಟ್ರೆ ಇನ್ನೇನೂ ನಿಲ್ತಿರ್ಲಿಲ್ಲ ಅವಳ ಹೊಟ್ಟೇಲಿ" ಎಂದರು ಜಯಮ್ಮ. "ಗೋಡೆ ಕಡೆ ತಿರುಗ್ಕೊಂಡು ಎರಡೇ ತಿನ್ನಾಳು. ಡಬ್ಬಿ ವಾಪಸ್ ಕಳ್ಸವ್ವ, ಏನಾರ ಹಾಕಿ ಕೊಡ್ತೀನಿ ಅಂದ್ರೆ, ನಾನೇ ಮಾಡಿ ತುಂಬಿ ಕೊಡ್ಬೇಕು, ನೀವು ಮುಟ್ಬೇಡಿ ಅಂತ ರೇಗ್ತಾಳೆ. ಅವಳಿಗೆ ಮಾಡಕ್ಕೆಲ್ಲಿ ಬರ್ತದೆ? ಹಂಗೇ ಉಳ್ಕೊಂಡವೆ."

ಹಿಂದೆ ಬಳೆಯ ಸದ್ದಾಯಿತು. ಸೌಮ್ಯ ಬಾಗಿಲಲ್ಲಿ ನಿಂತಿದ್ದಳು. ಹಸಿರು ಸೀರೆ, ಕೈ ತುಂಬ ಬಳೆ, ಮುಖ ದಪ್ಪಗಾಗಿತ್ತು.

"ಅತ್ತೇ, ಎಲ್ಲಾ ಹೇಳ್ಬಿಟ್ರಾ?" ಎಂದಳು. ಆಮೇಲೆ ನನಗೆ: "ನೀನು ತರ್ತೀಯ ಅಂತ ಗೊತ್ತಿತ್ತು. ಆದ್ರೂ ಕೊನೇ ಗಳಿಗೇಲಿ ಯಾರೋ ಕರೆದ್ರೂಂತ ಹೋಗ್ಬಿಟ್ರೆ? ಅದಕ್ಕೇ ತರಿಸಿದ್ದು."

ಒಮ್ಮೆ ಹಾಗೆ ಹೋದವಳು ನಾನೇ. "ಹೋಗ್ಲಿಲ್ಲ" ಎಂದೆ. "ಬಂದಿದೀನಿ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ."

ಅವಳಿಗೆ ನಗು ಬಂತು. ನನ್ನ ಕೈಯಿಂದ ಜೀರಿಗೆ ಬಿಸ್ಕತ್ತಿನ ಡಬ್ಬಿ ಇಸಿದುಕೊಂಡು, ಆ ಭಾರದ ಮೈಯಲ್ಲಿ ತಾನೇ ಹಸೆಯ ತನಕ ಹೊತ್ತುಕೊಂಡು ಹೋದಳು. ಅಂಗಡಿಯ ತಟ್ಟೆಗಳನ್ನು ಹಿಂದಕ್ಕೆ ಸರಿಸಲು ಹೇಳಿದಳು. "ಅದು ನಾನು ತರಿಸಿದ್ದು. ನಮ್ಮಮ್ಮ ಮಾಡಿದ್ದು ಇದು" ಎಂದಳು. ನಾದಿನಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅವಳ ಬಾಯಲ್ಲಿ ಕೊಬ್ಬರಿ ಬಿಸ್ಕತ್ತು ಇತ್ತು. ನಮ್ಮಕ್ಕ ಇಟ್ಟದ್ದು.

ನಾನೂ ಸೌಮ್ಯಳೂ ಆ ದಿನ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಹೊರಡುವಾಗ ಅವಳು, "ಇನ್ಮೇಲೆ ಹೇಳಿದ್ದು ಕೇಳು" ಎಂದಳು. "ನೋಡೋಣ" ಎಂದೆ. ಆರತಿ ಮುಗಿದ ಮೇಲೆ ಜಯಮ್ಮ ಮಲ್ಲಿಗೆಯ ಹಾರ ಒಂದನ್ನು ನನಗೆ ಕೊಟ್ಟಿದ್ದರು. ವಾಪಸ್ ಬರುವಾಗ ಬಾಡಿಗೆ ಕಾರಿನಲ್ಲಿ ಅದನ್ನು ಅಕ್ಕನ ಕೊರಳಿಗೆ ಹಾಕಿದೆ. "ಅಂದ್ರೆ ಇನ್ನು ಕೆಲ್ಸ ಬಿಡು ಅಂತಾನಾ?" ಎಂದಳು. "ಇಲ್ಲ, ಇದು ಸರ್ವಿಸ್‌ಗೆ" ಎಂದೆ. ಗುಬ್ಬಿ ತಲುಪುವ ತನಕ ತೆಗೆಯಲಿಲ್ಲ ಅವಳು.

ಕಳೆದ ಭಾನುವಾರ ಗೇಟಿನ ಹೊರಗೆ ಇದನ್ನೆಲ್ಲ ನೆನೆಯುತ್ತಾ ನಿಂತಷ್ಟರಲ್ಲಿ ಮೂರು ನಿಮಿಷ ಮುಗಿದಿತ್ತು. ಗೇಟು ತೆಗೆದು ಒಳಗೆ ಹೋದೆ. ಮೊಮ್ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಅಡುಗೆಮನೆಯಲ್ಲಿ ಸೌಮ್ಯ ಕೂದಲಿಗೆಲ್ಲ ಮೈದಾ ಮಾಡಿಕೊಂಡು ನಿಂತಿದ್ದಳು. ಒಂದು ತಟ್ಟೆ ಕರಕಾಗಿತ್ತು. ಇನ್ನೊಂದನ್ನು ಹೆದರಿ ಎರಡು ನಿಮಿಷ ಮುಂಚೆ ತೆಗೆದಿದ್ದಳು.

"ಹಸಿ ಇದೆ" ಎಂದೆ.

"ಹೇಳ್ತೀಯ ಅಂತ ಗೊತ್ತಿತ್ತು" ಎಂದಳು.

ಸಂಜೆ ಬಸ್ ಹತ್ತಿಸಲು ಬಂದವಳು ನನ್ನ ಚೀಲಕ್ಕೆ ಏನೋ ತುರುಕಿದಳು. ಬಸ್ಸು ಕೆರೆ ದಾಟಿದ ಮೇಲೆ ತೆಗೆದು ನೋಡಿದೆ. ನನ್ನದೇ ಡಬ್ಬಿ, ಹನ್ನೊಂದರಲ್ಲಿ ಒಂದು. ತುಂಬಿತ್ತು. ನನ್ನ ಹಳೆಯ ಚೀಟಿಯ ಕೆಳಗೆ ಹೊಸದೊಂದು ಅಂಟಿಸಿತ್ತು, ದುಂಡನೆಯ ಅಕ್ಷರದಲ್ಲಿ: 'ಅಮ್ಮ. ಬಸ್ಸಿನಲ್ಲೇ. ಎರಡು.'

ಕೈಗಡಿಯಾರ ನೋಡಿಕೊಳ್ಳಲಿಲ್ಲ. ಮೂರು ತಿಂದೆ.